ಇಸ್ಲಾಂ ಹುಟ್ಟದ ಮಧ್ಯಯುಗಕ್ಕೆ ಆರಡಿಯ ಗೋಡೆ ನಕ್ಷೆ: ಮಾಡಿದ್ದು, ಕೆಟ್ಟದ್ದು, ಖರ್ಚು

ನಕ್ಷೆ ಗೋಡೆ ಹತ್ತಿದೆ. ಪೂರ್ತಿ ಮುಗಿದಿಲ್ಲ, ಆದರೆ ಆಟ ಶುರು ಮಾಡುವಷ್ಟು ಆಗಿದೆ. ಅಗಲ 6 ಅಡಿ, ಎತ್ತರ 4 ಅಡಿ. ಪಶ್ಚಿಮದ ತುದಿಯಲ್ಲಿ ಲಿಸ್ಬನ್, ಪೂರ್ವದ ತುದಿಯಲ್ಲಿ ಚೀನಾದ ಚಾಂಗ್‌ಆನ್. ನಾವು ಕೆಲವರು ಶನಿವಾರ ಸಂಜೆ ಸೇರಿ ಆಡುವ ಚರಿತ್ರೆಯ ಆಟಕ್ಕೆ ಇದು ಬೋರ್ಡು. ಒಬ್ಬೊಬ್ಬರಿಗೆ ಒಂದೊಂದು ರಾಜ್ಯ, ಒಂದು ಸುತ್ತಿಗೆ ಐವತ್ತು ವರ್ಷ. ಈ ಸಲದ ಪ್ರಶ್ನೆ, ಇಸ್ಲಾಂ ಹುಟ್ಟದೇ ಇದ್ದಿದ್ದರೆ ಕ್ರಿ.ಶ. 1000ದ ಹೊತ್ತಿಗೆ ಲೋಕ ಹೇಗಿರುತ್ತಿತ್ತು ಅಂತ.

ಯಾವ ಧರ್ಮ ಒಳ್ಳೆಯದು, ಯಾವುದು ಕೆಟ್ಟದು ಅಂತ ಹೇಳೋಕೆ ಮಾಡಿದ್ದಲ್ಲ. ಒಂದು ದೊಡ್ಡ ತುಂಡು ಕಿತ್ತರೆ ಉಳಿದದ್ದು ಹೇಗೆ ಕೂರುತ್ತೆ ಅಂತ ನೋಡುವ ಕುತೂಹಲ, ಅಷ್ಟೇ. ಕೆಲಸದ ಕ್ರಮದಲ್ಲೇ ಬರೆಯುತ್ತೇನೆ.

ಹಂತ 1: ವರ್ಷ

ಮೊದಲು 610 ಅಂತ ಇಟ್ಟುಕೊಂಡಿದ್ದೆ, ಪ್ರವಾದಿಗೆ ಮೊದಲ ಬಾರಿ ಸಂದೇಶ ಬಂತು ಅಂತ ಹೇಳುವ ವರ್ಷ ಅದು. ಆದರೆ ಅರೇಬಿಯಾದ ಹೊರಗೆ ಅದರ ಪರಿಣಾಮ ಕಾಣೋದು 630ರ ದಶಕದಲ್ಲಿ. ಅದಕ್ಕೇ ತಳದ ನಕ್ಷೆಯನ್ನು 628ಕ್ಕೆ ನಿಲ್ಲಿಸಿದೆ. ಆ ವರ್ಷ ನಕ್ಷೆ ಮಾಡುವವರಿಗೆ ಭಾರೀ ಅನುಕೂಲ. ಪರ್ಷಿಯಾದ ಖುಸ್ರೋ 2 ಕೊಲೆಯಾದದ್ದು ಆಗಲೇ. 602ರಿಂದ ನಡೆದಿದ್ದ ರೋಮ್-ಪರ್ಷಿಯಾ ಯುದ್ಧ ಮುಗಿದದ್ದೂ ಆಗಲೇ (ರೋಮ್ ಅಂದರೆ ಇಲ್ಲಿ ಕಾನ್‌ಸ್ಟಾಂಟಿನೋಪಲ್ ರಾಜಧಾನಿಯಾಗಿದ್ದ ಪೂರ್ವ ರೋಮ್ ಸಾಮ್ರಾಜ್ಯ). ಬಾದಾಮಿಯಲ್ಲಿ ಇಮ್ಮಡಿ ಪುಲಕೇಶಿ, ಕನೌಜಿನಲ್ಲಿ ಹರ್ಷ, ಚಾಂಗ್‌ಆನ್‌ನಲ್ಲಿ ಟಾಂಗ್ ವಂಶದ ತಾಯ್‌ಝೋಂಗ್. ಬ್ರಹ್ಮಗುಪ್ತ ಬ್ರಾಹ್ಮಸ್ಫುಟಸಿದ್ಧಾಂತ ಬರೆದದ್ದೂ 628ರಲ್ಲೇ. ಒಂದೇ ವರ್ಷಕ್ಕೆ ಇಷ್ಟೆಲ್ಲ ಪಿನ್ನು ಸಿಕ್ಕರೆ ಬಿಡೋಕಾಗುತ್ತಾ?

ಹಂತ 2: ತಳದ ಚಿತ್ರ

ಕ್ಯುಜಿಐಎಸ್ ಅನ್ನೋ ನಕ್ಷೆ ಸಾಫ್ಟ್‌ವೇರ್‌ನಲ್ಲಿ ನ್ಯಾಚುರಲ್ ಅರ್ತ್‌ನ ಉಚಿತ ಭೂಪಟ ದತ್ತಾಂಶ ಹಾಕಿ ಮಾಡಿದೆ. ರೇಖಾಂಶ ಪಶ್ಚಿಮ 10ರಿಂದ ಪೂರ್ವ 110, ಅಕ್ಷಾಂಶ ಸಮಭಾಜಕದಿಂದ ಉತ್ತರ 55. 183 ಸೆಂ.ಮೀ. ಅಗಲದಲ್ಲಿ 120 ಡಿಗ್ರಿ ಕೂರಿಸಿದರೆ ಡಿಗ್ರಿಗೆ ಒಂದೂವರೆ ಸೆಂ.ಮೀ. ಚಿಲ್ಲರೆ. 30ನೇ ಅಕ್ಷಾಂಶಕ್ಕೆ ಅಳತೆ ಸರಿಹೊಂದಿಸಿದೆ, ಯಾಕಂದ್ರೆ ಆಟದ ಜಗಳವೆಲ್ಲ ಅದರ ಸುತ್ತಮುತ್ತಲೇ. ಎತ್ತರ 97 ಸೆಂ.ಮೀ. ಬಂತು. ಕೆಳಗೆ 25 ಸೆಂ.ಮೀ. ಉಳಿಯಿತು, ಅಲ್ಲಿ ಕಾಲಪಟ್ಟಿ. ಸ್ಕೇಲು ಹಿಡಿದರೆ 1 ಸೆಂ.ಮೀ.ಗೆ ಸುಮಾರು 63 ಕಿ.ಮೀ.

ಇವತ್ತಿನ ದತ್ತಾಂಶದಲ್ಲಿ ಇವತ್ತಿನ ನೀರಿರುತ್ತೆ, ಇದನ್ನು ಮರೆಯಬೇಡಿ. ನಾನು ಮರೆತು ಮೊದಲ ಕರಡಿನಲ್ಲಿ ನ್ಯೂಬಿಯಾದ ಮೇಲೆ ನಾಸರ್ ಸರೋವರ ಬಿಟ್ಟಿದ್ದೆ. ಅದು ಆಸ್ವಾನ್ ಹೈಡ್ಯಾಮ್ ಕಟ್ಟಿದ ಮೇಲಿನ ನೀರು, 1960ರ ದಶಕದ್ದು. ಕೆರೆಗಳ ಪದರದಲ್ಲಿ ರಿಸರ್ವಾಯರ್ ಅಂತ ಗುರುತಿರುವುದನ್ನೆಲ್ಲ ಒಟ್ಟಿಗೆ ತೆಗೆದುಹಾಕಿ. ಆಮೇಲೂ ಕಣ್ಣಲ್ಲಿ ಒಮ್ಮೆ ನೋಡಿ. ಆಲಮಟ್ಟಿ, ತುಂಗಭದ್ರಾ, ಕೆಆರ್‌ಎಸ್ ಎಲ್ಲ ಹೋಗಬೇಕು. 1869ರ ಸೂಯೆಜ್ ಕಾಲುವೆ ಗೆರೆಯಾಗಿ ಎಲ್ಲಾದರೂ ಉಳಿದಿದ್ದರೆ ಅದೂ. ಅರಲ್ ಸಮುದ್ರ ಮಾತ್ರ ಉಲ್ಟಾ ಕೇಸು, ಅದನ್ನು ದೊಡ್ಡದು ಮಾಡಬೇಕು. ನಾನು 1960ರ ಅಂಚನ್ನು ಕೈಯಲ್ಲೇ ಬಿಡಿಸಿದೆ.

ಹಂತ 3: ಮುದ್ರಣ, ಮೊದಲ ನಷ್ಟ

ಪ್ಲಾಟರ್ (ದೊಡ್ಡ ಹಾಳೆಯ ಪ್ರಿಂಟರ್) ಇರುವ ಅಂಗಡಿಯ ಕಾಗದದ ರೋಲು 36 ಇಂಚು, ಅಂದರೆ 91 ಸೆಂ.ಮೀ. ಎರಡು ತುಂಡಲ್ಲಿ ಕೂರಲ್ಲ, ಮೂರು ಬೇಕು. ತಲಾ 61 ಸೆಂ.ಮೀ. ಅಂತ ಸಮನಾಗಿ ಕತ್ತರಿಸಿ ಫೈಲು ಕೊಟ್ಟೆ.

ಎರಡು ಕಡೆ ಕೆಟ್ಟಿತು. ಒಂದು, ಅಕ್ಷರ. ಅಂಗಡಿಯವರ ಸಾಫ್ಟ್‌ವೇರ್‌ನಲ್ಲಿ ತೆರೆದಾಗ ಒತ್ತಕ್ಷರಗಳು ಕಳಚಿಕೊಂಡವು, ‘ಅಂತಿಯೋಕ್ಯ’ದ ಯಕಾರ ಪಕ್ಕದ ಸಮುದ್ರಕ್ಕೆ ಬಿದ್ದಿತ್ತು. ಮನೆಯ ಪರದೆಯಲ್ಲಿ ಎಲ್ಲ ಸರಿ ಇದೆ ಅಂತ ನಂಬಿ ನಾನು ಮಾದರಿ ಪ್ರಿಂಟ್ ಕೇಳಲೇ ಇಲ್ಲ. ಇಂಕ್‌ಸ್ಕೇಪ್ ಅನ್ನೋ ಚಿತ್ರ ಬಿಡಿಸುವ ಸಾಫ್ಟ್‌ವೇರ್‌ನಲ್ಲಿ ಅಕ್ಷರಗಳನ್ನೆಲ್ಲ ಆಕಾರವಾಗಿ ಬದಲಿಸಿ ಕೊಟ್ಟರೆ ಈ ತೊಂದರೆ ಬರಲ್ಲ. ಎರಡನೆಯದು ಇದಕ್ಕಿಂತ ಕೆಟ್ಟದ್ದು. ಸಮ ಮೂರು ಭಾಗ ಮಾಡಿದರೆ ಮೊದಲ ಜೋಡಣೆ 30ನೇ ರೇಖಾಂಶಕ್ಕೆ ಬೀಳುತ್ತೆ. ಅಲೆಕ್ಸಾಂಡ್ರಿಯಾ ಇರೋದು 29.9ರಲ್ಲಿ! ಇಡೀ ನಕ್ಷೆಯಲ್ಲಿ ಅತಿ ಮುಖ್ಯವಾದ ಊರುಗಳಲ್ಲಿ ಒಂದು ಸರಿಯಾಗಿ ಕಾಗದದ ಅಂಚಲ್ಲಿ ಕೂತಿತ್ತು. ಕಾನ್‌ಸ್ಟಾಂಟಿನೋಪಲ್ ಅಲ್ಲಿಂದ ಒಂದೂವರೆ ಸೆಂ.ಮೀ. ದೂರ.

ಎರಡನೇ ಸಲ ಕೊಟ್ಟ ಅಗಲ 55, 59.5, 68.5 ಸೆಂ.ಮೀ. ಈಗ ಒಂದು ಜೋಡಣೆ ಈಜಿಪ್ಟಿನ ಪಶ್ಚಿಮದ ಮರಳುಗಾಡಿನಲ್ಲಿ ಹಾದುಹೋಗುತ್ತೆ, ಇನ್ನೊಂದು 65ನೇ ರೇಖಾಂಶದಲ್ಲಿ, ಬುಖಾರಾ ಮತ್ತು ಸಮರ್ಕಂದ್ ನಡುವೆ. ನಕ್ಷೆ ತುಂಡು ಮಾಡುವಾಗ ಊರಿಲ್ಲದ ಕಡೆ ಕತ್ತರಿಸಿ.

ಹಂತ 4: ಹಲಗೆ

ಮನೆಯಲ್ಲಿದ್ದ ಎಂಡಿಎಫ್ ಹಲಗೆಗೆ ಪಿನ್ನು ಇಳಿಯಲಿಲ್ಲ, ಬಾಗಿತು. ಥರ್ಮಾಕೋಲ್‌ಗೆ ಸಲೀಸಾಗಿ ಇಳಿಯಿತು, ಆದರೆ ದಾರ ಕಟ್ಟಿ ಎಳೆದ ಕೂಡಲೇ ಪಿನ್ನು ವಾಲಿತು. ಕೊನೆಗೆ 12 ಮಿ.ಮೀ. ಸಾಫ್ಟ್ ಬೋರ್ಡು, ಹಿಂದೆ 6 ಮಿ.ಮೀ. ಪ್ಲೈವುಡ್, ಸುತ್ತ ಮರದ ಪಟ್ಟಿ. ಎರಡನ್ನೂ ಫೆವಿಕಾಲ್ ಹಚ್ಚಿ, ಮೇಲೆ ಪುಸ್ತಕ, ಅಕ್ಕಿ ಮೂಟೆ ಇಟ್ಟು ರಾತ್ರಿಯಿಡೀ ಬಿಟ್ಟೆ. ಗೋಡೆಗೆ ಹಾಕುವಾಗ ರಸಮಟ್ಟ ಇಟ್ಟು ನೋಡಿ. ಕೆಳಗಿನ ಕಾಲಪಟ್ಟಿ ಸ್ವಲ್ಪ ವಾಲಿದರೂ ಎದ್ದು ಕಾಣುತ್ತೆ.

ಹಂತ 5: ಅಂಟಿಸಿದ್ದು

ಮೈದಾ ಅಂಟಿಗೆ ಸ್ವಲ್ಪ ಫೆವಿಕಾಲ್. ಸುಮ್ನೆ ಅಂಟು ಹಚ್ಚಿ ಒತ್ತಿದರೆ ಗುಳ್ಳೆ ಏಳುತ್ತೆ, ಕಾಗದ ನೀರು ಕುಡಿದು ಹಿಗ್ಗುತ್ತೆ, ಪಕ್ಕದ ತುಂಡಿನ ಕರಾವಳಿಗೆ ಇದರ ಕರಾವಳಿ ಸೇರಲ್ಲ. ಹಾಳಾದ ಮೊದಲ ಪ್ರತಿಯಲ್ಲೇ ಇದನ್ನು ಪರೀಕ್ಷೆ ಮಾಡಿದೆ, ಅಷ್ಟರ ಮಟ್ಟಿಗೆ ಆ ದುಡ್ಡು ದಕ್ಕಿತು. ಅಂಟು ಹಚ್ಚಿ ಐದು ನಿಮಿಷ ಮಡಿಸಿಡಿ, ಹಿಗ್ಗುವುದೆಲ್ಲ ಆಗಲೇ ಹಿಗ್ಗಲಿ. ನಡುವಿನ ತುಂಡು ಮೊದಲು, ಆಮೇಲೆ ಎಡ, ಬಲ. ಒಂದರ ಮೇಲೊಂದು ಏರಿಸದೆ ಅಂಚಿಗೆ ಅಂಚು ಕೂಡಿಸಿ. ರೋಲರ್ ಇಲ್ಲದಿದ್ದರೆ ಲಟ್ಟಣಿಗೆ ಸಾಕು.

ಹಂತ 6: ಪಿನ್ನುಗಳು

ಜಾಸ್ತಿ ಹೊತ್ತು ತಿಂದದ್ದು ಇದು. ಖುಷಿ ಕೊಟ್ಟದ್ದೂ ಇದೇ.

ಮೂರು ಬಣ್ಣ. ಕಪ್ಪು ಅಂದರೆ ಈ ಲೋಕದಲ್ಲಿ ಅದು ಹುಟ್ಟಲ್ಲ. ಹಸಿರು ಅಂದರೆ ಹೇಗಿದ್ದರೂ ಇರುತ್ತೆ. ಹಳದಿ ಅಂದರೆ ಜಗಳಕ್ಕೆ ಬಿಟ್ಟದ್ದು. ಪ್ರತಿ ಪಿನ್ನಿಗೂ ಒಂದು ಚೀಟಿ, ಅದರಲ್ಲಿ ವರ್ಷ ಮತ್ತು ಕಾರಣ. ವರ್ಷ ಸಿಗದಿದ್ದರೆ ಪಿನ್ನು ಇಲ್ಲ.

ಕಪ್ಪು ಊರುಗಳು ಸುಲಭ ಅಂದುಕೊಂಡಿದ್ದೆ. ಕೂಫಾ 638, ಫುಸ್ತಾತ್ 641, ಕೈರವಾನ್ 670, ಬಾಗ್ದಾದ್ 762, ಸಾಮರ್ರಾ 836, ಕೈರೋ 969. ಬಸ್ರಾ ಕೂಡ 630ರ ದಶಕದ್ದೇ. ಎಲ್ಲವೂ ಅರಬ್ ಸೇನೆ ಅಥವಾ ಆಡಳಿತ ಕಟ್ಟಿದ ಊರುಗಳು. ಚುಚ್ಚುತ್ತಾ ಹೋದೆ. ಆಮೇಲೆ ಹಸಿರು ಚುಚ್ಚಲು ಹೋದರೆ ಜಾಗವೇ ಇಲ್ಲ! ಬಾಗ್ದಾದಿನಿಂದ ಪರ್ಷಿಯಾದ ಸಸಾನಿಯನ್ ಅರಸರ ರಾಜಧಾನಿ ಟೆಸಿಫಾನ್‌ಗೆ ಸುಮಾರು 35 ಕಿ.ಮೀ., ನಕ್ಷೆಯಲ್ಲಿ ಅರ್ಧ ಸೆಂ.ಮೀ. ಪಿನ್ನಿನ ತಲೆಯೇ ಅಷ್ಟು ದಪ್ಪ. ಕೂಫಾದ ಪಕ್ಕದಲ್ಲೇ ಪರ್ಷಿಯಾದ ಪರ ಗಡಿ ಕಾಯುತ್ತಿದ್ದ ಅರಬ್ ಲಖ್ಮಿ ಅರಸರ ಊರು ಹೀರಾ. ಬಸ್ರಾದ ಪಕ್ಕ ಹಳೆಯ ಬಂದರು ಉಬುಲ್ಲಾ. ಫುಸ್ತಾತ್ ಎದ್ದದ್ದು ರೋಮನ್ನರ ಬ್ಯಾಬಿಲೋನ್ ಕೋಟೆಗೆ ತಾಗಿಕೊಂಡೇ. 698ರಲ್ಲಿ ಹಾಳಾದ ಕಾರ್ತೇಜಿನ ಮಗ್ಗುಲಲ್ಲಿ ತೂನಿಸ್.

ಹಾಗಾದರೆ ಕಪ್ಪು ಪಿನ್ನು ಚುಚ್ಚಿದ ಕಡೆ ಬಯಲಲ್ಲ. ಹೊಳೆ ಅದೇ, ದಾರಿ ಅದೇ, ಸಂತೆಗೆ ಬರುವ ಜನವೂ ಅವರೇ. ಹೆಸರು ಅರ್ಧ ಸೆಂ.ಮೀ. ಆಚೆ ಕೂರುತ್ತೆ, ಅಷ್ಟೇ. ಇಡೀ ಯೋಜನೆಯಲ್ಲಿ ನನಗೆ ನಿಜವಾಗಿ ಗೊತ್ತಾದ ವಿಷಯ ಇದು. ಓದಿದಾಗ ಹೊಳೆದಿರಲಿಲ್ಲ, ಪಿನ್ನು ಪಿನ್ನಿಗೆ ತಾಗಿದಾಗ ಹೊಳೆಯಿತು.

ಪರಿಹಾರ: ಬಣ್ಣದ ದಪ್ಪ ಪಿನ್ನು ಬಿಟ್ಟು, ಬಟ್ಟೆ ಹೊಲಿಯುವವರ ಸಣ್ಣ ಗುಂಡುಪಿನ್ನು ತಂದು ತಲೆಗೆ ನೇಲ್ ಪಾಲಿಶ್ ಹಚ್ಚಿದೆ. ತಲೆ 2 ಮಿ.ಮೀ. ಎರಡು ಪದರ ಹಚ್ಚಿ, ಒಂದರಲ್ಲಿ ಹೊಳಪು ಬರಲ್ಲ.

ಹಸಿರು ಪಿನ್ನಿನಲ್ಲಿ ಊರಿಗಿಂತ ವಿದ್ಯೆಗಳು ಸ್ವಾರಸ್ಯ. ನಮ್ಮ ಅಂಕಿಗಳು ಪಶ್ಚಿಮಕ್ಕೆ ಹೋದದ್ದು ಅರಬರಿಂದ ಅಂತ ನಾನೂ ಕಪ್ಪು ಹಾಕಿದ್ದೆ, ಆಮೇಲೆ ಕೀಳಬೇಕಾಯಿತು. ಸೆವೆರಸ್ ಸೆಬೊಖ್ತ್ ಅನ್ನೋ ಸಿರಿಯಾಕ್ ಭಾಷೆಯ ಕ್ರೈಸ್ತ ಬಿಷಪ್ 662ರಲ್ಲೇ ಭಾರತದವರು ಒಂಬತ್ತು ಚಿಹ್ನೆಯಲ್ಲಿ ಲೆಕ್ಕ ಮಾಡುತ್ತಾರೆ ಅಂತ ಹೊಗಳಿ ಬರೆದಿದ್ದಾನೆ. ದಾರಿ ಆಗಲೇ ತೆರೆದಿತ್ತು. ಪಂಚತಂತ್ರ ಪಹ್ಲವಿಗೆ, ಅಂದರೆ ಆಗಿನ ಪರ್ಷಿಯಾದ ಭಾಷೆಗೆ, ಹೋದದ್ದು ಖುಸ್ರೋ 2ರ ಅಜ್ಜ ಖುಸ್ರೋ ಅನುಶಿರ್ವಾನನ ಕಾಲದಲ್ಲಿ (531–579), ಹಸಿರು. ಚದುರಂಗವೂ ಪರ್ಷಿಯಾ ತಲುಪಿಯಾಗಿತ್ತು, ಹಸಿರು. ಕಾಗದಕ್ಕೆ 751ರ ತಲಾಸ್ ಯುದ್ಧದ ಕಥೆ ಹೇಳುತ್ತಾರೆ, ಅಲ್ಲಿ ಸೆರೆಸಿಕ್ಕ ಚೀನಿಯರು ಅರಬರಿಗೆ ಕಾಗದ ಮಾಡೋದು ಕಲಿಸಿದರು ಅಂತ. ಆದರೆ ಸಮರ್ಕಂದ್ ಸುತ್ತಿನ ಸೊಗ್ದಿಯಾದ ವ್ಯಾಪಾರಿಗಳು 4ನೇ ಶತಮಾನದಲ್ಲೇ ಕಾಗದದ ಮೇಲೆ ಪತ್ರ ಬರೆಯುತ್ತಿದ್ದರು. ಅದಕ್ಕೆ ಹಳದಿ. ಬರೋದು ಬರುತ್ತೆ, ಆದರೆ ಬಾಗ್ದಾದಿನಂಥ ದೊಡ್ಡ ಗಿರಾಕಿ ಇಲ್ಲದೆ ಎಷ್ಟು ಬೇಗ ಬರುತ್ತೆ?

ಕಪ್ಪಲ್ಲೇ ಉಳಿದದ್ದೂ ಕಡಿಮೆ ಇಲ್ಲ. ಸ್ಪೇನಿನಿಂದ ಸಮರ್ಕಂದ್ ತನಕ ಒಂದೇ ಭಾಷೆಯಲ್ಲಿ ಓದುವ ವಿದ್ವಾಂಸರ ಲೋಕ ಈ ನಕ್ಷೆಯಲ್ಲಿ ಇಲ್ಲ. ಅಲ್ ಖ್ವಾರಿಜ್ಮಿ ಬೀಜಗಣಿತ ಬರೆದದ್ದು, ಇಬ್ನ್ ಅಲ್ ಹೈಥಮ್ ಕೈರೋದಲ್ಲಿ ಕೂತು ಬೆಳಕಿನ ಬಗ್ಗೆ ಬರೆದದ್ದು, ಇದಕ್ಕೆ ಬದಲಿ ಪಿನ್ನು ನನ್ನ ಹತ್ತಿರ ಇಲ್ಲ. ಗ್ರೀಕ್, ಸಿರಿಯಾಕ್, ಪಹ್ಲವಿ, ಸಂಸ್ಕೃತ ನಾಲ್ಕೂ ಬೇರೆ ಬೇರೆ ಕೋಣೆಯಲ್ಲೇ ಉಳಿಯುತ್ತವೆ ಅಂತ ನನ್ನ ಲೆಕ್ಕ. ಆಟದಲ್ಲಿ ಅನುವಾದಕ್ಕೆ ದುಬಾರಿ ದರ ಇಟ್ಟಿದ್ದೇನೆ.

ಹಂತ 7: ಪಾರದರ್ಶಕ ಹಾಳೆ, ಎರಡನೇ ನಷ್ಟ

800 ಮತ್ತು 1000ನೇ ಇಸವಿಯ ಗಡಿಗಳು ಮೇಲೆ ಇಳಿಬಿಡುವ ಹಾಳೆಯಲ್ಲಿ ಬರಬೇಕಿತ್ತು. ಊಟದ ಮೇಜಿಗೆ ಹಾಕುವ ಪಿವಿಸಿ ಹಾಳೆ ತಂದೆ, 320 ರೂಪಾಯಿ. ಪರ್ಮನೆಂಟ್ ಮಾರ್ಕರ್‌ನಲ್ಲಿ ಬರೆದು ಸ್ಯಾನಿಟೈಸರ್‌ನಲ್ಲಿ ಒರೆಸಿದರೆ ಮಸಿ ಒಳಗೇ ಇಳಿದು ನೆರಳು ಉಳಿಯಿತು. ಬಿಸಿಲಿಗೆ ಮೆತ್ತಗಾಗಿ ಜೋತುಬಿದ್ದು ಗಡಿಯೆಲ್ಲ ದಕ್ಷಿಣಕ್ಕೆ ಸರಿಯಿತು. ರೋಮನ್ನರು ಸೂಡಾನ್ ಗೆದ್ದ ಹಾಗೆ ಕಾಣುತ್ತಿತ್ತು.

ಈಗ ಇರೋದು ಸ್ಕ್ರೀನ್ ಪ್ರಿಂಟಿಂಗ್‌ನವರು ಬಳಸುವ 100 ಮೈಕ್ರಾನ್ ಪಾಲಿಯೆಸ್ಟರ್ ಫಿಲ್ಮು, 1 ಮೀಟರ್ ಅಗಲದ್ದು. ಜೋತುಬೀಳಲ್ಲ, ಮಸಿ ಪೂರ್ತಿ ಅಳಿಯುತ್ತೆ. ಪಿನ್ನಿನ ತಲೆಗೆ ತಾಗದಂತೆ 10 ಮಿ.ಮೀ. ಬೀಡಿಂಗ್ ಮೇಲೆ ನಾಲ್ಕು ಮೂಲೆಗೂ ಬೋಲ್ಟು. ಒಂದು ತೊಂದರೆ ಉಳಿದಿದೆ. ಪಕ್ಕದಿಂದ ನೋಡಿದರೆ ಗಡಿ ಒಂದು ಸೆಂ.ಮೀ. ಸರಿದಂತೆ ಕಾಣುತ್ತೆ, ಅಂದರೆ 60 ಕಿ.ಮೀ. ಕೂತವರೆಲ್ಲ ತಮಗೆ ಲಾಭ ಆಗುವ ಕೋನದಿಂದಲೇ ನೋಡುತ್ತಾರೆ. ಅದಕ್ಕೆ ಗೆರೆ ಎಳೆಯೋದು ಬಿಟ್ಟು ಅಂಚಿಗೆ ಅಡ್ಡಗೀಟು ತುಂಬಿದೆ. ಆ ಕಾಲದ ಗಡಿಗಳು ಹೇಗೂ ಹಾಗೇ ಮಸುಕಾಗಿದ್ದವು ಅಲ್ವಾ.

ಹಂತ 8: ಬಣ್ಣ ತುಂಬಿದ್ದು, ಮತ್ತೆ ಒರೆಸಿದ್ದು

ಮೊದಲ ಹಾಳೆಯಲ್ಲಿ ಎಲ್ಲರೂ ಮಾಡುವ ಕೆಲಸ ನಾನೂ ಮಾಡಿದೆ. ರೋಮಿಗೆ ನೇರಳೆ, ಪರ್ಷಿಯಾಕ್ಕೆ ಕಿತ್ತಳೆ, 1000ದ ತನಕ ಎರಡನ್ನೂ ಹಾಗೇ ಎಳೆದೆ. ಅರೇಬಿಯಾ ಖಾಲಿ ಬಿಟ್ಟೆ. ಚೆಂದ ಕಂಡಿತು, ಆದರೆ ಪೂರ್ತಿ ತಪ್ಪು.

628ರಲ್ಲಿ ಎರಡೂ ದೊರೆತನಗಳು ಸುಸ್ತಾಗಿ ಕೂತಿದ್ದವು. ಖುಸ್ರೋನ ಮಗ ಕವಾದ್ 2 ತನ್ನ ಅಣ್ಣತಮ್ಮಂದಿರನ್ನು ಕೊಲ್ಲಿಸಿ ಪಟ್ಟಕ್ಕೆ ಬಂದ, ಕೆಲವೇ ತಿಂಗಳಲ್ಲಿ ಪ್ಲೇಗಿಗೆ ಸತ್ತ. ಆಮೇಲೆ 632ರ ತನಕ ಸಿಂಹಾಸನಕ್ಕೆ ಒಬ್ಬರ ಹಿಂದೆ ಒಬ್ಬರು, ಇಬ್ಬರು ರಾಣಿಯರೂ ಸೇರಿ. ಟೈಗ್ರಿಸ್ ನದಿ ಉಕ್ಕಿ ದಕ್ಷಿಣ ಇರಾಕಿನ ಗದ್ದೆಗಳು ಜೌಗಾದದ್ದೂ ಆ ಸುಮಾರಿಗೇ. ಆ ಕಡೆ ರೋಮಿನ ಬಾಲ್ಕನ್ ಭಾಗದಲ್ಲಿ ಸ್ಲಾವರು, ಇಟಲಿಯಲ್ಲಿ 568ರಿಂದ ಲೊಂಬಾರ್ಡರು. ಈಜಿಪ್ಟು, ಸಿರಿಯಾದ ಕ್ರೈಸ್ತರಿಗೂ ರಾಜಧಾನಿಯ ಕ್ರೈಸ್ತರಿಗೂ 451ರಿಂದ ಮತದ ಜಗಳ. ಇಂಥ ಎರಡು ರಾಜ್ಯ ಇನ್ನೂ ನಾನೂರು ವರ್ಷ ಅಲುಗಾಡದೆ ನಿಲ್ಲುತ್ತವೆ ಅಂದರೆ ಅದು ಆಟವಲ್ಲ, ಆಸೆ.

ಅರೇಬಿಯಾ ಖಾಲಿ ಬಿಟ್ಟದ್ದು ಇನ್ನೂ ದೊಡ್ಡ ತಪ್ಪು. ಅಲ್ಲಿ ಯಸ್ರಿಬ್‌ನ (ಆಮೇಲಿನ ಮದೀನಾ) ಖರ್ಜೂರದ ತೋಟಗಳಿದ್ದವು, ಯಹೂದಿ ಕುಲಗಳಿದ್ದವು. ಮೆಕ್ಕಾದಲ್ಲಿ ಕಾಬಾ ಇತ್ತು, ಜಾತ್ರೆಗೆ ಜನ ಬರುತ್ತಿದ್ದರು. ಯೆಮನ್ ಸುಮಾರು 570ರಿಂದ ಪರ್ಷಿಯಾದ ಕೈಯಲ್ಲಿತ್ತು. ಗಡಿ ಕಾಯುತ್ತಿದ್ದ ಲಖ್ಮಿ ಅರಸೊತ್ತಿಗೆಯನ್ನು ಖುಸ್ರೋ 602ರ ಸುಮಾರಿಗೆ ತಾನೇ ಮುಗಿಸಿದ್ದ. ಕೆಲವೇ ವರ್ಷದಲ್ಲಿ ಅರಬ್ ಕುಲಗಳು ದೂಕಾರ್ ಅನ್ನೋ ಕಡೆ ಪರ್ಷಿಯಾದ ಸೇನೆಯನ್ನು ಸೋಲಿಸಿದವು, ಅದೂ ಇಸ್ಲಾಮಿನ ಹೆಸರಿಲ್ಲದೆ. ಅಂದಮೇಲೆ ಅರೇಬಿಯಾದಿಂದ ಹೊರಡುವ ಬಾಣದ ಗುರುತುಗಳನ್ನು ಅಳಿಸುವ ಹಾಗಿಲ್ಲ. ಉದ್ದ ಕಡಿಮೆ ಮಾಡಿ, ತುಂಡು ತುಂಡಾಗಿ, ಬೇರೆ ಬೇರೆ ಕುಲದ ಬಣ್ಣದಲ್ಲಿ ಹಾಕಬೇಕು. ಹಾಗೇ ಹಾಕಿದ್ದೇನೆ. ಸಿರಿಯಾ, ಇರಾಕಿನ ಅಂಚುಗಳಲ್ಲಿ ಎರಡು ಮೂರು ಅರಬ್ ರಾಜ್ಯಗಳು, ಕ್ರೈಸ್ತ ಅರಸರದ್ದು.

ಪರ್ಷಿಯಾದ ಪೂರ್ವ ಭಾಗಕ್ಕೆ ತುರ್ಕರನ್ನು ಇಳಿಸಿದೆ. ಅವರು 627ರಲ್ಲೇ ರೋಮ್ ಚಕ್ರವರ್ತಿ ಹೆರಾಕ್ಲಿಯಸ್ ಜೊತೆ ಸೇರಿ ಟಿಫ್ಲಿಸ್‌ಗೆ (ಇವತ್ತಿನ ಟಿಬಿಲಿಸಿ) ಮುತ್ತಿಗೆ ಹಾಕಿದ್ದರು. ಯಾವ ಧರ್ಮ ಹಿಡಿಯುತ್ತಾರೆ ಅನ್ನೋದು ಹಳದಿ. ಮರ್ವ್‌ನಲ್ಲಿ ಪೂರ್ವದ ಕ್ರೈಸ್ತ ಸಭೆ ಬಲವಾಗಿತ್ತು, ಬಲ್ಖ್‌ನಲ್ಲಿ ಬೌದ್ಧ ವಿಹಾರ ಇತ್ತು, ಉಯ್ಗುರ್ ಅರಸ 763ರ ಹೊತ್ತಿಗೆ ಪರ್ಷಿಯಾ ಕಡೆ ಹುಟ್ಟಿದ ಮಾನಿ ಮತಕ್ಕೆ ಸೇರಿದ. ದಾಳ ಉರುಳಿಸಿ ನೋಡುವುದೇ.

ಹಂತ 9: ನಮ್ಮ ಕರಾವಳಿಯ ದಾರಗಳು

ವ್ಯಾಪಾರದ ದಾರಿಗಳಿಗೆ ಕಸೂತಿ ದಾರ. ಮಳೆಗಾಲದ ತೇವಕ್ಕೆ ಸಡಿಲ ಬಿತ್ತು. ಮೇಣದಬತ್ತಿಗೆ ಒಮ್ಮೆ ಉಜ್ಜಿ ಕಟ್ಟಿದ ಮೇಲೆ ಬಿಗಿಯಾಗಿ ನಿಂತಿದೆ.

ನಮ್ಮ ಕಡೆ ಪಿನ್ನು ಕಡಿಮೆ ಬದಲಾಗುತ್ತೆ ಅಂತ ಅಂದಾಜಿತ್ತು. ಐಹೊಳೆಯ ರವಿಕೀರ್ತಿ ಶಾಸನ 634, ಹಸಿರು. 642ರಲ್ಲಿ ಪಲ್ಲವರು ವಾತಾಪಿ ಹಿಡಿದದ್ದು, ಹಸಿರು. ಆದರೆ 730ರ ದಶಕದ ಕೊನೆಗೆ ನವಸಾರಿ ಹತ್ತಿರ ಚಾಲುಕ್ಯರ ಅವನಿಜನಾಶ್ರಯ ಪುಲಕೇಶಿ ತಾಜಿಕರ, ಅಂದರೆ ಅರಬರ, ಸೇನೆಯನ್ನು ಸೋಲಿಸಿದ್ದು ಕಪ್ಪು, ಅದಕ್ಕಾಗಿ ಇಮ್ಮಡಿ ವಿಕ್ರಮಾದಿತ್ಯ ಅವನಿಗೆ ಕೊಟ್ಟ ಬಿರುದುಗಳೂ ಕಪ್ಪು. ಸಂಜಾನ್‌ಗೆ ಪಾರ್ಸಿಗಳು ಬಂದದ್ದೂ ಕಪ್ಪು, ಊರು ಬಿಡೋಕೆ ಅವರಿಗೆ ಕಾರಣವೇ ಇಲ್ಲವಲ್ಲ. 851ರಲ್ಲಿ ಅರಬ್ ವ್ಯಾಪಾರಿಗಳ ಬರಹ ರಾಷ್ಟ್ರಕೂಟ ಅರಸನನ್ನು ಬಲ್ಹರಾ ಅಂತ ಕರೆದು ಲೋಕದ ನಾಲ್ಕು ದೊಡ್ಡ ದೊರೆಗಳಲ್ಲಿ ಸೇರಿಸಿತ್ತು. ಆ ಬರಹ ಹೋಗುತ್ತೆ, ಹಡಗು ಹೋಗಲ್ಲ. ಕೊಲ್ಲಂನ 849ರ ತಾಮ್ರಪಟದಲ್ಲಿ ಸಾಕ್ಷಿಗಳು ಅರಬ್ಬೀ, ಪಹ್ಲವಿ, ಹೀಬ್ರೂ ಲಿಪಿಗಳಲ್ಲಿ ಸಹಿ ಹಾಕಿದ್ದಾರೆ. ಅರಬ್ಬೀ ಸಹಿ ಹಾಕಿದವರಿಗೆ ಹಳದಿ ಕೊಟ್ಟೆ, ಉಳಿದವರಿಗೆ ಹಸಿರು. ದಾರ ಮಾತ್ರ ಉಬುಲ್ಲಾದಿಂದ ಹೊರಟು ಮುಂಬೈ ಹತ್ತಿರದ ಕಲ್ಯಾಣ ಮುಟ್ಟಿ ಕೊಲ್ಲಂ ಸೇರುತ್ತೆ, ಒಂದು ಇಂಚೂ ಕದಲಿಲ್ಲ.

ಖರ್ಚು

ಸಾಫ್ಟ್ ಬೋರ್ಡು 1,150. ಪ್ಲೈವುಡ್ 1,350. ಮರದ ಪಟ್ಟಿ 600. ಮುದ್ರಣ ಎರಡು ಸಲ ಸೇರಿ 1,500. ಪಾಲಿಯೆಸ್ಟರ್ ಫಿಲ್ಮು 4 ಮೀಟರಿಗೆ 700. ದಂಡವಾದ ಪಿವಿಸಿ 320. ಪಿನ್ನು, ದಾರ, ನೇಲ್ ಪಾಲಿಶ್ 480. ಅಂಟು 260. ಬಡಗಿ ಕೂಲಿ, ಆಟೋ 550. ಒಟ್ಟು 6,910 ರೂಪಾಯಿ. ಇದರಲ್ಲಿ 1,070 ಸುಮ್ನೆ ಹೋದದ್ದು, ಮಾದರಿ ಪ್ರಿಂಟ್ ಕೇಳಿದ್ದರೆ 750 ಉಳಿಯುತ್ತಿತ್ತು.

ಬಾಕಿ ಇರೋದು ಸ್ಪೇನ್. 711ರ ಮುಸ್ಲಿಂ ದಾಳಿ ಇಲ್ಲದಿದ್ದರೆ ತೊಲೆದೊದಲ್ಲಿ ಆಗ ಆಳುತ್ತಿದ್ದ ವಿಸಿಗೋತರು ಉಳಿಯುತ್ತಾರೋ ಅಥವಾ ಫ್ರಾಂಕರು ನುಂಗುತ್ತಾರೋ, ಇನ್ನೂ ಒಪ್ಪಂದ ಆಗಿಲ್ಲ, ಆ ಭಾಗ ಹಾಳೆಯಲ್ಲಿ ಪೆನ್ಸಿಲ್ಲಿನಲ್ಲೇ ಇದೆ. 1500ರ ಹಾಳೆಯೂ ಬೇಕು ಅಂತ ಒತ್ತಾಯ ಇದೆ. ಅದಕ್ಕೆ ಇನ್ನೊಂದು 2 ಮೀಟರ್ ಫಿಲ್ಮು ತರಬೇಕು, ಮತ್ತೆ ಕಾಫಿಯ ಪ್ರಶ್ನೆ ಬಗೆಹರಿಸಬೇಕು. ಗಿಡ ಇಥಿಯೋಪಿಯಾದ್ದು, ಕುಡಿಯುವ ಅಭ್ಯಾಸ ಹರಡಿದ್ದು 15ನೇ ಶತಮಾನದ ಯೆಮನ್‌ನ ಸೂಫಿಗಳಿಂದ, ಚಿಕ್ಕಮಗಳೂರಿಗೆ ಬಂದದ್ದು ಬಾಬಾ ಬುಡನ್ ಕೈಯಲ್ಲಿ ಅನ್ನುತ್ತಾರೆ. ನಾನು ಕಪ್ಪು ಪಿನ್ನು ತೆಗೆದುಕೊಂಡೆ, ಹಾಸನದ ಗೆಳೆಯ ಕೈ ಹಿಡಿದು ಹಳದಿ ಚುಚ್ಚಿಸಿದ.